ಬನ್ನಿ ಗಡಿ ದಾಟಿದ ದಸರೆ

ಉಕ್ಕಿನ ಎಂಟು ಎಸಳುಗಳು ಬನ್ನಿಯ ಬೊಡ್ಡೆಯ ಸುತ್ತ ಮೆಲ್ಲಗೆ ಮುಚ್ಚಿಕೊಂಡವು. ಎಸಳುಗಳ ತುದಿಯಿಂದ ಸೂಜಿಯಷ್ಟು ಸಣ್ಣ ನೀರಿನ ಧಾರೆಗಳು ನೆಲವನ್ನು ಕೊರೆಯುತ್ತ ಕೆಳಗಿಳಿದವು. ಸ್ವಲ್ಪ ಹೊತ್ತಿಗೆ ಎರಡಾಳೆತ್ತರದ ಆ ಮರ, ಬುಡದಲ್ಲಿ ಗುಡಾಣದಂಥ ಮಣ್ಣಿನ ಮುದ್ದೆ ಹೊತ್ತುಕೊಂಡು, ನಿಂತ ನಿಲುವಿನಲ್ಲೇ ನೆಲದಿಂದ ಮೇಲೆದ್ದಿತು. ರೆಂಬೆಯ ಮೇಲೆ ಕೂತಿದ್ದ ಕಾಜಾಣ ಕೂಡ ಹಾರಿಹೋಗಲಿಲ್ಲ. ಯಂತ್ರ ಮರವನ್ನು ಹೊತ್ತು ಊರ ಸಸಿತೋಟದಿಂದ ಹೊಲದ ಕಡೆಗೆ ಹೊರಟಿತು. ಹಿರೇಮಸಾರಿಯ ಜನ ಮನೆಯ ಕೆಲಸ ಬಿಟ್ಟು ಅದರ ಹಿಂದೆಯೇ ಹೊರಟರು.

ಸರ್ಕಾರಿ ಕಾಗದಗಳಲ್ಲಿ ಆ ಯಂತ್ರದ ಹೆಸರು ‘ಸಜೀವ ವೃಕ್ಷವಾಹಕ’. ಅಷ್ಟುದ್ದದ ಹೆಸರು ಕರೆಯಲು ಯಾರಿಗೆ ಪುರಸೊತ್ತು? ಊರಿನವರು ಅದಕ್ಕೆ ‘ಆನಿ’, ಅಂದರೆ ಆನೆ, ಎಂದು ಹೆಸರಿಟ್ಟರು. ಅದನ್ನು ನಡೆಸುತ್ತಿದ್ದ ಮಾಬುಸಾಬ ಅಂದಿನಿಂದ ಎಲ್ಲರ ಬಾಯಲ್ಲೂ ಮಾವುತನಾದ.

ಆನೆಯನ್ನು ರೂಪಿಸಿದವಳು ಮಣ್ಣು ವಿಜ್ಞಾನಿ ಡಾ. ಇಂದುಮತಿ ಅಬ್ಬಿಗೇರಿ. ಧಾರವಾಡದವಳು, ನಲವತ್ತು ದಾಟಿದವಳು, ಹಿಡಿದ ಕೆಲಸ ಬಿಡದವಳು. ಸಿಟ್ಟು ಬಂದರೆ ಮಾತು ನಿಲ್ಲಿಸಿ ಕೂತಲ್ಲೇ ಮಣ್ಣು ಕೆದರುವುದು ಅವಳ ಅಭ್ಯಾಸ. ಸರದಿಯಂತೆ ಹೊಲದಿಂದ ಹೊಲಕ್ಕೆ ಹೋಗುತ್ತ ಐದು ಹೊಲಗಳನ್ನು ಸುತ್ತಿಬರುವ ಬನ್ನಿಯ ತೋಪೊಂದನ್ನು ಹಿರೇಮಸಾರಿಯಲ್ಲಿ ಮಾಡಿ ತೋರಿಸುತ್ತೇನೆಂದು ಹೊರಟಿದ್ದ ಅವಳು, ಊರಲ್ಲೇ ಬಾಡಿಗೆ ಮನೆ ಹಿಡಿದಿದ್ದಳು.

"ಅಕ್ಕಾರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದು ಮೊದಲು ಬಾಯಿಬಿಟ್ಟವಳು ಗುರುಬಸವ್ವ. ಅರವತ್ತರ ಹತ್ತಿರದ ಹೆಂಗಸು. ಎರಡನೆಯ ಸರದಿಯ ಹೊಲ ಅವಳದು. "ಗಿಡ ಅಂದ್ರ ಒಂದ ಕಡೆ ನಿಂದರೂದು. ಇದನ್ನ ಹಿಂಗ ಊರ ತುಂಬ ತಿರಗಾಡಿಸೂದು ಯಾಕ್ರಿ?"

"ನೀವು ವರ್ಷಾ ಜ್ವಾಳದ ಮ್ಯಾಲೆ ಜ್ವಾಳಾನ ಬಿತ್ತತೀರೇನ್ರಿ?" ಇಂದುಮತಿ ತಿರುಗಿ ಕೇಳಿದಳು.

"ಹೆಂಗ ಬಿತ್ತತೇವ್ರಿ? ನೆಲಾ ಸೋತು ಹೋಗತೈತಿ. ಒಂದ್ ವರ್ಷ ಕಡ್ಲಿನೋ ಹೆಸರೋ ಹಾಕಿ ಬದಲಿ ಮಾಡತೇವಿ."

"ಇದೂ ಹಂಗ. ಗಿಡದ ಮ್ಯಾಲೆ ಪೀಕು, ಪೀಕಿನ ಮ್ಯಾಲೆ ಗಿಡ. ಕಡ್ಲಿ ಮ್ಯಾಲಿನ ಮಣ್ಣಿಗೆ ಅಷ್ಟ ಉಣಿಸತೈತಿ. ಬನ್ನಿ ಆಳದಾಗಿಂದ ಉಣಿಸತೈತಿ."

ಈ ಉಣಿಸುವಿಕೆ ಕವಿತೆಯ ಮಾತಲ್ಲ. ಬನ್ನಿಯ ಬೇರುಗಂಟುಗಳಲ್ಲಿ ಮನೆಮಾಡಿಕೊಂಡ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುತ್ತವೆ. ಎಲೆ ಉದುರಿ ನೆಲಕ್ಕೆ ಹೊದಿಕೆಯಾಗುತ್ತದೆ. ಮೂರು ವರ್ಷ ಮರ ನಿಂತ ನೆಲ, ಜ್ವರ ಬಿಟ್ಟ ಮನುಷ್ಯನ ಹಾಗೆ ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ಆಮೇಲೆ ಮರ ಹೋಗಬೇಕು, ಬೆಳೆ ಬರಬೇಕು. ಇಷ್ಟು ಕಾಲ ಮರ ಹೋಗುವುದೆಂದರೆ ಕಡಿಯುವುದು ಎಂದೇ ಅರ್ಥವಾಗಿತ್ತು. ಕಡಿದ ಕಟ್ಟಿಗೆ ಒಲೆ ಸೇರುತ್ತಿತ್ತು. ಮರ ವರ್ಷಗಟ್ಟಲೆ ಗಾಳಿಯಿಂದ ಹೀರಿದ ಇಂಗಾಲ ಹೊಗೆಯಾಗಿ ಮತ್ತೆ ಗಾಳಿಯನ್ನೇ ಸೇರುತ್ತಿತ್ತು. ಪಕ್ಕದ ಹೊಲದಲ್ಲಿ ಮತ್ತೆ ಗೇಣುದ್ದದ ಸಸಿಯಿಂದ ಆರಂಭ.

ಇಂದುಮತಿಯ ಮರಗಳು ಸಾಯದೆ ಹೋಗುತ್ತಿದ್ದವು. ಯಂತ್ರ ಎತ್ತುವಾಗ ಹೊರಗಿನ ಅರ್ಧ ಬೇರು ಮಣ್ಣಿನಲ್ಲೇ ಉಳಿಯುತ್ತಿತ್ತು. ಅದಕ್ಕೆ ಅವಳು ‘ಬಿಟ್ಟಬೇರು’ ಎಂದು ಹೆಸರಿಟ್ಟಿದ್ದಳು. ಬಿಟ್ಟಬೇರು ನೆಲದೊಳಗೆ ನಿಧಾನವಾಗಿ ಕೊಳೆತು ಮುಂದಿನ ಬೆಳೆಗೆ ಆಹಾರವಾಗುತ್ತದೆ. ಅದರ ಇಂಗಾಲದಲ್ಲಿ ಒಂದು ಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಮರ ಮಾತ್ರ ಮುಂದಿನ ಹೊಲದಲ್ಲಿ ಹೊಸ ಬೇರು ಬಿಟ್ಟು ಬೆಳೆಯುತ್ತ ಹೋಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಅವಳು ಅಕ್ಷರಶಃ ನಂಬಿದ್ದಳು. ಹೀಗಾಗಿ ಸಸಿಯಿದ್ದಾಗಲೇ ಪ್ರತಿ ಬನ್ನಿಯ ತಾಯಿಬೇರಿಗೆ ‘ಬೇರುಕೊರಳು’ ಎಂಬ ಮೆತ್ತನೆಯ ಪಟ್ಟಿ ತೊಡಿಸಿದ್ದಳು. ಆ ಪಟ್ಟಿ ತಾಯಿಬೇರನ್ನು ಆಳಕ್ಕೆ ಇಳಿಯಗೊಡದೆ ತಡೆಯುತ್ತದೆ. ಎತ್ತಿ ನೆಟ್ಟಾಗಲೆಲ್ಲ ಅದನ್ನು ಸಡಿಲಿಸಿ ಬಿಗಿಯುತ್ತಾರೆ. ಆದರೆ ನೆಟ್ಟ ನಾಲ್ಕನೆಯ ವರ್ಷ ಮುಗಿಯುವುದರೊಳಗೆ ಮರವನ್ನು ಮತ್ತೆ ಎತ್ತದಿದ್ದರೆ ಪಟ್ಟಿ ಒಡೆದು, ಬೇರು ಪಾತಾಳಕ್ಕೆ ಇಳಿದುಬಿಡುತ್ತದೆ. ಮತ್ತೆ ಯಾವ ಆನೆಯಿಂದಲೂ ಅದನ್ನು ಕದಲಿಸಲಾಗದು.

ಮೊದಲ ಸರದಿ ಚನ್ನವೀರಗೌಡನ ಹೊಲದ್ದು. ಆನೆ ಇಪ್ಪತ್ತೊಂದು ಮರಗಳನ್ನು ಅಲ್ಲಿ ಇಳಿಸಿತು. ಇಪ್ಪತ್ತೊಂದೂ ಬದುಕಿದವು. ಇಂದುಮತಿ ಗೆದ್ದೆನೆಂದು ಹಿಗ್ಗಿದಳು. ಪಾಪ, ಅವಳ ನಕ್ಷೆಯಲ್ಲಿ ಹೊಲಗಳ ಗೆರೆಗಳಿದ್ದವೇ ಹೊರತು ಜಗಳಗಳ ಗೆರೆಗಳಿರಲಿಲ್ಲ.

ಚನ್ನವೀರಗೌಡನಿಗೂ ಗುರುಬಸವ್ವನಿಗೂ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು. ಎರಡು ಹೊಲಗಳ ನಡುವೆ ಎತ್ತಿನ ಬಂಡಿ ಹಾಯುವಷ್ಟು ಅಗಲದ ಒಂದು ಪಟ್ಟಿ ನೆಲವಿತ್ತು. ‘ಅದು ನಂದು’ ಎಂದು ಗೌಡ, ‘ಅದು ನಮ್ಮ ಮನಿಯವರದು’ ಎಂದು ಗುರುಬಸವ್ವ. ಅವಳ ಗಂಡ ಬದುಕಿದ್ದಾಗ ಒಮ್ಮೆ ಅದೇ ಪಟ್ಟಿಯ ಮೇಲೆ ಬಾರುಕೋಲು ಹಿಡಿದು ಇಬ್ಬರೂ ಎದುರುಬದುರು ನಿಂತಿದ್ದರಂತೆ. ಅಂದಿನಿಂದ ಅಲ್ಲಿ ಯಾರ ನೇಗಿಲೂ ಇಳಿದಿರಲಿಲ್ಲ. ಹುಲ್ಲು, ತಂಗಡಿ, ಬಾರಿಯ ಮುಳ್ಳುಗಿಡ ತಮಗೆ ತಿಳಿದಂತೆ ಬೆಳೆದು ಒಣಗಿ ಅಲ್ಲೇ ಬೀಳುತ್ತಿದ್ದವು. ಇಂದುಮತಿ ಆ ಪಟ್ಟಿಯನ್ನು ನೋಡಿದ್ದಳು. ಬೀಳು ನೆಲ ಎಂದುಕೊಂಡು ಮುಂದೆ ಹೋಗಿದ್ದಳು.

ಬನ್ನಿಯನ್ನು ಆರಿಸಿದ್ದರಲ್ಲಿ ಇನ್ನೊಂದು ತಪ್ಪಿತ್ತು. ಅದು ಬರಿಯ ಮರವಲ್ಲ ಎಂಬುದು ಧಾರವಾಡದಲ್ಲಿ ಹುಟ್ಟಿದ ಅವಳಿಗೆ ತಿಳಿಯದ್ದೇನಲ್ಲ. ಪ್ರಯೋಗದ ಭರದಲ್ಲಿ ನೆನಪಾಗಲಿಲ್ಲ, ಅಷ್ಟೆ. ಆ ವರ್ಷದ ದಸರೆಗೆ ಊರವರೆಲ್ಲ ಗೌಡನ ಹೊಲಕ್ಕೆ ಬಂದು, ಎಲ್ಲಕ್ಕಿಂತ ದೊಡ್ಡ ಬನ್ನಿಗೆ ಹಸಿರು ಸೀರೆ ಉಡಿಸಿ, ಕಂಕಣ ಕಟ್ಟಿ, ಪೂಜೆ ಮಾಡಿದರು. ಎಲೆ ಕಿತ್ತು ಒಬ್ಬರಿಗೊಬ್ಬರು ಕೊಟ್ಟರು. ಊರ ಹಳೆಯ ಬನ್ನಿ ಎಂದೋ ಸಿಡಿಲಿಗೆ ಸಿಕ್ಕಿ ಹೋಗಿತ್ತು. ದೇವರೇ ನಡೆದು ಬಂದಂತಾಯಿತೆಂದು ಮುದುಕಿಯರು ಕಣ್ಣೊರೆಸಿಕೊಂಡರು. ಗುರುಬಸವ್ವ ಮಾತ್ರ ಆ ಹೊಲಕ್ಕೆ ಕಾಲಿಡಲಿಲ್ಲ. ತನ್ನ ಹೊಲದ ಅಂಚಿನಿಂದಲೇ ಕೈಮುಗಿದಳು.

ಮೂರು ಮಳೆಗಾಲ ಕಳೆದವು. ನಾಲ್ಕನೆಯ ವರ್ಷದ ಮುಂಗಾರಿಗೆ ಮುಂಚೆ ಮಾಬುಸಾಬ ಆನೆಯನ್ನು ಹೊಲಕ್ಕೆ ತಂದ. ಗೌಡ ಅಡ್ಡ ನಿಂತ.

"ಪೂಜಿ ಆದ ಗಿಡಾ ಕೀಳೂದಂದ್ರ ಏನ್ ಹುಡುಗಾಟೇನ್ರಿ ಅಕ್ಕಾರ? ಕಂಕಣ ಕಟ್ಟಿದ ದೇವರನ್ನ ಎಬ್ಬಸಾಕ ಬರೂದಿಲ್ಲ."

"ಗೌಡ್ರ, ಗಿಡಾ ಹೋದ್ರ ನಿಮ್ಮ ಹೊಲಕ್ಕ ಲಾಭ. ಬಿಟ್ಟಬೇರು ನಿಮಗ ಉಳೀತೈತಿ. ಈಗ ಬಿತ್ತಿದ್ರ ಜ್ವಾಳ ಹೆಂಗ ಬರತೈತಿ ನೋಡ್ರಿ. ನಿಂತ್ರ ಬರೇ ನೆಳ್ಳು ಸಿಗತೈತಿ."

"ನೆಳ್ಳ ಸಾಕ ನನಗ."

ಭಕ್ತಿ ಎಷ್ಟು, ಹಠ ಎಷ್ಟು ಎಂದು ಅಳೆಯುವ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಗೌಡನಲ್ಲಿ ಎರಡೂ ಇದ್ದವು. ಮರ ಇಲ್ಲಿಂದ ಹೋದರೆ ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಮೂಗು ಕೊಯ್ದುಕೊಂಡು ನೆರೆಯವಳಿಗೆ ಅಪಶಕುನ ಮಾಡುವ ಹಾಗಾಯಿತು ಅವನ ಕಥೆ.

ಅತ್ತ ಗುರುಬಸವ್ವನ ಹೊಲದ ಸ್ಥಿತಿ ಅಳು ಬರಿಸುವಂತಿತ್ತು. ಮೇಲ್ಮಣ್ಣು ಹಪ್ಪಳದಂತೆ ಗಟ್ಟಿಯಾಗಿ, ಬಿದ್ದ ಮಳೆ ಇಂಗದೆ ಹರಿದುಹೋಗುತ್ತಿತ್ತು. ಜೋಳ ಮೊಣಕಾಲಿಗೆ ಬಂದು ನಿಲ್ಲುತ್ತಿತ್ತು. "ಈ ವರ್ಷ ಬನ್ನಿ ಬರಲಿಲ್ಲಂದ್ರ ನಾ ಬಿತ್ತೂದ ಬಿಡತೇನ್ರಿ," ಎಂದಳು ಅವಳು. "ಬೀಜಾ ನೆಲಕ್ಕ ಹಾಕೂದು ಅಂದ್ರ ಕೂಸಿನ್ನ ಮಲತಾಯಿ ಕೈಯಾಗ ಕೊಟ್ಟಂಗ ಆಗೇತಿ." ಇಂದುಮತಿ ಬೆರಳು ಮಡಚಿ ತಿಂಗಳು ಎಣಿಸಿದಳು. ಬೇರುಕೊರಳಿಗೆ ಆ ವರ್ಷವೇ ಕೊನೆ. ಅದು ಒಡೆದರೆ ಇಪ್ಪತ್ತೊಂದು ಮರಗಳೂ ಗೌಡನ ಹೊಲದಲ್ಲೇ ಕಾಯಂ. ಉಳಿದ ನಾಲ್ಕು ಹೊಲದವರ ಬಾಯಿಗೆ ಮಣ್ಣು.

ಪಟ್ಟಣದ ಮೇಲಧಿಕಾರಿಗಳು, ಬಿಟ್ಟು ಬನ್ನಿ, ಬೇರೆ ಊರು ನೋಡೋಣ ಎಂದರು. ಇಂದುಮತಿ ಬಾಡಿಗೆ ಮನೆಯ ಮುಂದೆ ಕೂತು ಮಣ್ಣು ಕೆದರಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಗದಿಗಯ್ಯನವರದು ತಕರಾರೇ ಇರಲಿಲ್ಲ, ಗೌಡನದೇ ಎಲ್ಲ. ಹಾಗಾದರೆ ಗೌಡನ ಹತ್ತಿರ ಗೌಡನ ಭಾಷೆಯಲ್ಲೇ ಮಾತಾಡಬೇಕು ಎಂದುಕೊಂಡಳು. ದಸರೆಯ ದಿನ ಅಪ್ಪನ ಕೈಹಿಡಿದು ಧಾರವಾಡದ ಹೊರಗಿನ ಬನ್ನಿಗಿಡದವರೆಗೆ ನಡೆದದ್ದು ಆಗ ನೆನಪಾಯಿತು. ಯಾಕಪ್ಪಾ ಇಷ್ಟು ದೂರ ಎಂದು ಕೇಳಿದಾಗ ಅಪ್ಪ ಹೇಳಿದ್ದ ಒಂದು ಮಾತು ಕೂಡ. ಅವಳು ಮಣ್ಣಿನ ಕೈ ಒರೆಸಿಕೊಂಡು ನೇರವಾಗಿ ಗೌಡನ ಕಟ್ಟೆಗೆ ಹೋದಳು. ಗದಿಗಯ್ಯನವರೂ ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಅಜ್ಜಾರ, ದಸರಾಕ್ಕ ನಾವು ಊರ ಗಡಿ ದಾಟಿ ಬನ್ನಿಗೆ ಹೋಗತೇವಲ್ರಿ, ಅದಕ್ಕ ಏನಂತಾರ?"

"ಸೀಮೋಲ್ಲಂಘನ," ಎಂದರು ಗದಿಗಯ್ಯ.

"ಗಡಿ ದಾಟೂದು ಪುಣ್ಯಾನೋ ಪಾಪಾನೋ?"

"ಪುಣ್ಯ. ಆ ದಿನ ಗಡಿ ದಾಟಲಿಲ್ಲಂದ್ರ ಹಬ್ಬಾನ ಅಲ್ಲ."

"ಮನಷ್ಯಾರು ಗಡಿ ದಾಟಿದ್ರ ಪುಣ್ಯ ಇದ್ದ ಮ್ಯಾಲೆ, ಬನ್ನಿ ತಾನ ಗಡಿ ದಾಟಿದ್ರ ಎಷ್ಟು ಪುಣ್ಯ ಇರಬೇಕು? ದೇವರು ಪಾಲಕಿಯೊಳಗ ಊರು ಸುತ್ತತಾನ. ಆವಾಗ ದೇವರನ್ನ ಕಿತ್ರಿ ಅಂತ ಯಾರೂ ಅನ್ನೂದಿಲ್ಲ. ನನ್ನ ಆನಿ ಪಾಲಕಿ ಅಂತ ತಿಳೀರಿ."

ಗದಿಗಯ್ಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಗೌಡನ ಮುಖ ನೋಡಿದರು. "ಶಾಸ್ತ್ರಕ್ಕ ಅಡ್ಡ ಏನೂ ಕಾಣೂದಿಲ್ಲ ನೋಡಪಾ," ಎಂದರು.

ಗೌಡ ಅಲ್ಲೂ ಒಂದು ಕಡ್ಡಿ ಆಡಿಸಿದ. "ಆತು. ಆದ್ರ ಹೊಲಾ ಸುತ್ತಿ ಹೋಗೂ ಬಂಡಿದಾರಿ ಹಿಡದು ಕಳ್ಳರಂಗ ಹಾಯೂದಲ್ಲ. ಖರೇ ಗಡೀನ ದಾಟಬೇಕು. ನಟ್ಟನಡುವಿನ ಪಟ್ಟಿ ಮ್ಯಾಲೆ ಹಾಯಬೇಕು. ನಾ ಈಚಿ ದಂಡಿಗೆ ನಿಂದರತೇನಿ. ಅಲ್ಲಿಂದ ಮುಂದ ನನಗ ಸಂಬಂಧಿಲ್ಲ."

ಇಂದುಮತಿ ಒಪ್ಪಿದಳು. ದಸರೆಯ ವೇಳೆಗೆ ನೆಲ ಹದವಾಗಿರುತ್ತದೆ, ಮರಕ್ಕೂ ಒಳ್ಳೆಯದೇ. ಗುರುಬಸವ್ವ ತನ್ನ ಹೊಲವನ್ನು ಬಿತ್ತದೆ ಖಾಲಿ ಬಿಟ್ಟುಕೊಂಡು ಕಾದಳು.

ಹಬ್ಬದ ಹಿಂದಿನ ದಿನ ಜೋರು ಮಳೆಯಾಯಿತು. ಬೆಳಗಾದಾಗ ಗೌಡನ ಹೊಲದಲ್ಲಿ ಮರಗಳ ಬುಡವಷ್ಟೇ ನೆನೆದಿತ್ತು; ಉಳಿದಂತೆ ಎರಡೂ ಹೊಲಗಳ ಕೆಂಪು ಮಸಾರಿ ನೆಲ ನೀರನ್ನು ಹರಿಯಬಿಟ್ಟು ಗಟ್ಟಿಯಾಗಿಯೇ ಇತ್ತು. ಮಾಬುಸಾಬ ಕಾಲಿನಿಂದ ತುಳಿದು ನೋಡಿ ಗೋಣಾಡಿಸಿದ. ಪೂಜೆ ಮುಗಿಯಿತು. ಹಸಿರು ಸೀರೆ ಉಟ್ಟ ದೊಡ್ಡ ಬನ್ನಿಯನ್ನು ಆನೆ ಎಸಳು ಮುಚ್ಚಿ ಎತ್ತಿದಾಗ ಹೆಂಗಸರು ಆರತಿ ಬೆಳಗಿದರು. ಹಲಗೆ ಬಡಿತದ ಸದ್ದಿನೊಂದಿಗೆ ಮರ ಗೌಡನ ಹೊಲದ ಅಂಚಿಗೆ ಬಂತು. ಆಚೆ ಅಂಚಿನಲ್ಲಿ ಗುರುಬಸವ್ವ ತುಂಬಿದ ಕೊಡ ಹಿಡಿದು ನಿಂತಿದ್ದಳು. ಈಚೆಗೆ ಗೌಡ, ಅವಳ ಕಡೆ ನೋಡದೆ.

ಆನೆಯ ಮುಂದಿನ ಗಾಲಿಗಳು ಪಟ್ಟಿ ದಾಟಿದವು, ಮರದ ಭಾರ ಹೊತ್ತ ಹಿಂದಿನ ಗಾಲಿಗಳು ಪಟ್ಟಿಯ ಮೇಲೆ ಇಳಿದವು. ಇಳಿದವು ಎಂದರೆ ಇಳಿದೇ ಹೋದವು. ಗಟ್ಟಿ ನೆಲದ ಲೆಕ್ಕ ಹಾಕಿ ಮಾಡಿದ್ದ ಆ ಭಾರದ ಯಂತ್ರ, ನೋಡನೋಡುತ್ತಿದ್ದಂತೆ ಅಚ್ಚಿನವರೆಗೆ ಹೂತು ಹಿಂದಕ್ಕೆ, ಗೌಡನ ಹೊಲದ ಕಡೆಗೆ, ವಾಲಿತು. ಒಳಗಿನಿಂದ ಚಟ್ ಎಂದು ಸದ್ದು ಬಂತು. ಬೇರುಕೊರಳು ಒಡೆದ ಸದ್ದು ಅದು.

"ಆನಿ ಹುದುಲಾಗ ಸಿಕ್ತೋ!" ಎಂದು ಯಾರೋ ಕೂಗಿದರು.

"ಹಗ್ಗಾ ತರ್ರಿ! ಗಿಡಾ ಬೀಳಬಾರದು!" ಇಂದುಮತಿ ಸೀರೆ ಎತ್ತಿ ಕಟ್ಟಿ ಕೆಸರಿಗೆ ಹಾರಿದಳು. ಹಗ್ಗ ಬಂತು. ಬನ್ನಿ ಗೌಡನ ಕಡೆಗೆ ವಾಲಿದ್ದರಿಂದ ಎಲ್ಲರೂ ಗುರುಬಸವ್ವನ ಕಡೆಯಿಂದ ಎಳೆಯಬೇಕಾಗಿತ್ತು. ಈಚೆ ದಂಡೆಯಿಂದ ಮುಂದೆ ಸಂಬಂಧವಿಲ್ಲ ಎಂದಿದ್ದ ಗೌಡ ಒಂದು ಗಳಿಗೆ ಒದ್ದಾಡಿದ. ದೇವರು ಮುಗ್ಗರಿಸುವುದನ್ನು ನೋಡಿಕೊಂಡು ನಿಲ್ಲುವಷ್ಟು ಅವನ ಹಠ ದೊಡ್ಡದಿರಲಿಲ್ಲ. ಧೋತರ ಮೇಲೆ ಕಟ್ಟಿ ಪಟ್ಟಿ ದಾಟಿ ಓಡಿದ. ಸಿಕ್ಕ ಹಗ್ಗ ಹಿಡಿದು ಎಳೆದ. ಎಳೆಯುತ್ತ ತಿರುಗಿ ನೋಡಿದರೆ ಅದೇ ಹಗ್ಗವನ್ನು ಹಿಂದೆ ಹಿಡಿದವಳು ಗುರುಬಸವ್ವ.

"ಜೋರ ಎಳೀರಿ ಅಣ್ಣಾರ, ಏನ್ ನೋಡ್ತೀರಿ!" ಎಂದಳು ಅವಳು. ಮಾತು ನಿಂತಿದೆ ಎಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಮರೆತೇಹೋಗಿತ್ತು.

ಮರ ನೆಟ್ಟಗಾಯಿತು. ಕೊರಳು ಒಡೆದ ಮರ ಇನ್ನು ಎಲ್ಲಿ ಇಳಿಸಿದರೂ ಅಲ್ಲೇ ಕಾಯಂ; ಹೂತ ಆನೆಯಿಂದ ಅದನ್ನು ಮುಂದೆ ಒಯ್ಯುವಂತೆಯೂ ಇರಲಿಲ್ಲ. ಮಾಬುಸಾಬ ಎಸಳು ಬಿಚ್ಚಿ ಅದನ್ನು ಅಲ್ಲೇ ಇಳಿಸಿದ. ಎರಡು ಟ್ರ್ಯಾಕ್ಟರು ಕಟ್ಟಿ ಆನೆಯನ್ನು ಎಳೆದು ತೆಗೆದರು. ಗಡಿ ದಾಟಲು ಹೊರಟಿದ್ದ ಬನ್ನಿ ಗಡಿಯ ಮೇಲೆಯೇ ನಿಂತಿತು, ಅರ್ಧ ಸೀರೆ ಕೆಸರಾಗಿ.

ಇಂದುಮತಿ ಗಾಲಿ ಹೂತ ಕುಳಿಯ ಪಕ್ಕದಲ್ಲಿ ಕೂತು ಮಣ್ಣು ಕೆದರುತ್ತಿದ್ದಳು. ಸಿಟ್ಟು ಬಂದಿರಬೇಕೆಂದು ಯಾರೂ ಹತ್ತಿರ ಹೋಗಲಿಲ್ಲ. ಅವಳೇ ಎದ್ದು ಬಂದು ಬೊಗಸೆ ಚಾಚಿದಳು. ಕೆಂಪು ಸೀಮೆಯ ನಡುವೆ ಆ ಮಣ್ಣು ಕಾಫಿಪುಡಿಯಂತೆ ಕಪ್ಪಗಿತ್ತು. ಎರೆಹುಳುಗಳು ಹೊರಳುತ್ತಿದ್ದವು.

"ಗಿಡದ ಬುಡಾ ಬಿಟ್ರ ಎರಡೂ ಹೊಲದ ಮ್ಯಾಲೆ ಬಿದ್ದ ಮಳಿ ಹರದು ಹೋಗೇತಿ. ಈ ಪಟ್ಟಿ ಅಷ್ಟ ತನ್ನ ಪಾಲಿನ ಮಳೀ ಪೂರಾ ಕುಡದೈತಿ. ಅದಕ್ಕ ಆನಿ ಮುಳುಗಿತು," ಎಂದಳು. "ಎಷ್ಟೋ ವರ್ಷ ಇಲ್ಲಿ ನೇಗಿಲ ಇಳದಿಲ್ಲ. ಕಂಟಿ ಬೆಳದದ್ದು ಇಲ್ಲೇ ಬಿದ್ದೈತಿ, ಬೇರು ಇಲ್ಲೇ ಕೊಳತಾವ, ಇಂಗಾಲ ಇಲ್ಲೇ ಕುಂತೈತಿ. ನಾ ಮೂರ ಮೂರ ವರ್ಷಕ್ಕ ಗಿಡಾ ಹೊತ್ತು ಮಾಡಬೇಕಂದದ್ದನ್ನ ನೀವಿಬ್ಬರೂ ಬರೇ ಜಗಳಾಡಿ ಮಾಡೀರಿ. ನಾ ಇದನ್ನ ಬೀಳು ಅಂತ ತಿಳದು ಅಳತೀನ ಮಾಡಿರಲಿಲ್ಲ."

ಜನ ನಕ್ಕರು. ಗೌಡ ನಗಲಿಲ್ಲ. ಉಳಿದ ಇಪ್ಪತ್ತು ಮರಗಳು ಗಡಿ ದಾಟುವುದು ಇನ್ನೂ ಅವನ ಮಾತಿನ ಮೇಲೆ ನಿಂತಿತ್ತು. ದೇವರು ಗಡಿಯಲ್ಲೇ ನಿಂತ, ಮುಂದೆ ಹೋಗುವ ಮನಸ್ಸಿಲ್ಲ ಎಂದು ಅವನು ಅಂದರೆ ಅಲ್ಲಿಗೆ ಮುಗಿಯಿತು. ಎಲ್ಲರೂ ಅವನನ್ನೇ ನೋಡಿದರು.

ಗುರುಬಸವ್ವ ಕೆಸರುಗೈಯಿಂದಲೇ ಬನ್ನಿಯ ಒಂದು ಎಲೆ ಕಿತ್ತಳು. ಗೌಡನ ಮುಂದೆ ಹೋಗಿ ಕೈ ನೀಡಿದಳು. "ಬನ್ನಿ ತಗೋರಿ ಅಣ್ಣಾರ. ಬಂಗಾರದಂಗ ಇರೂಣು."

ದಸರೆಯ ದಿನ ನೀಡಿದ ಬನ್ನಿಯನ್ನು ಬೇಡ ಎಂದವರು ಆ ಸೀಮೆಯಲ್ಲಿ ಹುಟ್ಟಿಲ್ಲ. ಗೌಡ ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಕಣ್ಣುಗಳು ಒದ್ದೆಯಾಗಿದ್ದವು, ಅದನ್ನು ಅವನು ಮರೆಮಾಡಲಿಲ್ಲ. "ಬಂಗಾರದಂಗ ಇರೂಣು ತಂಗಿ," ಎಂದ. ಆಮೇಲೆ ಮಾಬುಸಾಬನ ಕಡೆ ತಿರುಗಿದ. "ಉಳದ ಗಿಡಾ ಬಂಡಿದಾರಿ ಹಿಡದು ಹಾಯಸೋ. ದೊಡ್ಡಾಂವ ಗಡಿ ಕಾಯಲಿ, ಸಣ್ಣವು ದುಡೀಲಿ."

ಇಪ್ಪತ್ತು ಮರಗಳು ಗುರುಬಸವ್ವನ ಹೊಲ ಸೇರಿದವು. ಮೂರು ವರ್ಷ ನಿಂತು, ಬಿಟ್ಟಬೇರುಗಳನ್ನು ಬಿಟ್ಟು, ಇನ್ನೊಂದು ದಸರೆಗೆ ಮೂರನೆಯ ಹೊಲಕ್ಕೆ ನಡೆದವು. ಅವು ಹೋದ ಮೇಲೆ ಗುರುಬಸವ್ವ ಬಿತ್ತಿದ ಜೋಳ ಅವಳ ತಲೆಯನ್ನು ಮೀರಿ ನಿಂತಿತು. ತೆನೆಯ ನಡುವೆ ಅವಳು ಕಾಣದಂತಾದಾಗ ಊರವರು ಅಂಚಿನಲ್ಲಿ ನಿಂತು ಕೂಗಿ ಕರೆಯಬೇಕಾಗುತ್ತಿತ್ತು. ಬೇಕೆಂದೇ ಅವಳು ಒಂದೆರಡು ಕೂಗಿಗೆ ಓಗೊಡುತ್ತಿರಲಿಲ್ಲ.

ಇಂದುಮತಿ ಐದೂ ಹೊಲಗಳ ನಡುವೆ ನೇಗಿಲು ತಾಗದ ಪಟ್ಟಿಗಳನ್ನು ಬಿಡಿಸಲು ಹೊರಟಳು. ಗೇಣು ನೆಲ ಬಿಟ್ಟುಕೊಡದ ರೈತರ ಮುಂದೆ ಅದು ಹುಡುಗಾಟದ ಕೆಲಸವಲ್ಲ. ಮನೆಮನೆಗೆ ಆ ಕಪ್ಪು ಮಣ್ಣಿನ ಬೊಗಸೆ ಹಿಡಿದುಕೊಂಡು ಹೋದಳು, ಬೈಸಿಕೊಂಡಳು, ಮತ್ತೆ ಹೋದಳು. ಕೊನೆಗೆ ಎಲ್ಲರೂ ಬಿಟ್ಟರು. ಅಕ್ಕಪಕ್ಕದ ಊರಿನವರು ಬಂದು, ಆನೆ ಆಮೇಲೆ ಬರಲಿ, ಜಗಳದ ಪಟ್ಟಿ ನಮ್ಮಲ್ಲಿ ಬೇಕಾದಷ್ಟಿವೆ, ಮೊದಲು ಅವನ್ನು ನೋಡಿ ಎಂದು ಕರೆದುಕೊಂಡು ಹೋಗತೊಡಗಿದರು.

ಗೌಡನಿಗೂ ಗುರುಬಸವ್ವನಿಗೂ ಮಾತ್ರ ಮತ್ತೆ ವ್ಯಾಜ್ಯ ಶುರುವಾಯಿತು. ಅದೇ ಪಟ್ಟಿಯ ಬಗ್ಗೆ. ಊರ ಪಂಚರು ಬನ್ನಿಯ ನೆರಳಲ್ಲೇ ಕೂತು ಇಬ್ಬರನ್ನೂ ಕರೆಸಿದರು.

"ಆ ಪಟ್ಟಿ ತಂಗೀದು," ಎಂದ ಗೌಡ. "ಅವರ ಮನಿಯವರು ಬದಕಿದ್ದಾಗ ನಾನ ಸುಳ್ಳ ಹೇಳಿದ್ದೆ."

"ಏನಿಲ್ರಿ, ಅಣ್ಣಾರದ," ಎಂದಳು ಗುರುಬಸವ್ವ. "ನಮ್ಮವರು ಸುಮ್ನ ಹಠ ಹಿಡದಿದ್ರು."

ಪಂಚರು ಇಬ್ಬರ ಮುಖವನ್ನೂ ನೋಡಿದರು. ಇಂಥ ವ್ಯಾಜ್ಯವನ್ನು ತೀರಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಮುಂದಿನ ದಸರೆಗೆ ನೋಡೋಣ ಎಂದು ಎದ್ದರು. ಅಂದಿನಿಂದ ಪ್ರತಿ ದಸರೆಗೂ ಹಾಗೆಯೇ ಎದ್ದು ಹೋಗುತ್ತಿದ್ದಾರೆ, ಆ ಪಟ್ಟಿಗೆ ಇನ್ನೂ ನೇಗಿಲು ಇಳಿದಿಲ್ಲ.